ಮೊದಲ ತುತ್ತು ಫೋನಿಗೆ

ನಮ್ಮ ಮನೆಯಲ್ಲಿ ಅಡುಗೆಯಾದ ಮೇಲೆ ಮೊದಲ ಎಡೆ ದೇವರಿಗೆ. ಲಂಡನ್ನಿನ ಹೇಸ್‌ನ ಈ ಮನೆಗೆ ಬಂದ ಮೇಲೂ ನನ್ನ ಹೆಂಡತಿ ಅದನ್ನು ತಪ್ಪಿಸಿಲ್ಲ. ಮೇಲಿನ ಸಣ್ಣ ಕೋಣೆಯಲ್ಲಿ ಬಾಡಿಗೆಗಿದ್ದ ಫಿಲಿಪೀನ್ಸಿನ ಹೆಂಗಸು ಮಾತ್ರ ಮೊದಲ ಎಡೆಯನ್ನು ಫೋನಿಗೆ ಹಿಡಿಯುತ್ತಿದ್ದಳು. ತಟ್ಟೆಯಲ್ಲಿ ಇರುತ್ತಿದ್ದುದಾದರೂ ಏನು? ಅನ್ನ, ಅದರ ಮೇಲೆ ಕರಿದ ಬದನೆಕಾಯಿ, ಪಕ್ಕದಲ್ಲೊಂದು ಹೆಚ್ಚಿದ ಟೊಮ್ಯಾಟೊ. ಅಷ್ಟಕ್ಕೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಚಮಚವನ್ನು ಓರೆಯಾಗಿಟ್ಟು, ಎದ್ದು ನಿಂತು ಮೇಲಿನಿಂದ ಒಂದು ಫೋಟೋ, ಬಗ್ಗಿ ಪಕ್ಕದಿಂದ ಒಂದು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು. ಆಮೇಲೆ ಊಟ. ಅಷ್ಟರಲ್ಲಿ ಅನ್ನ ಆರಿ ಹೋಗಿರುತ್ತಿತ್ತು.

"ನಿನ್ನ ಫೋನಿನ ಹೊಟ್ಟೆ ತುಂಬಿತೇ?" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ.

"ತುಂಬಿತು ಕೂಯಾ. ದುಬೈಯಲ್ಲಿ ನಮ್ಮಕ್ಕ ಲೈಕ್ ಒತ್ತಿದಳು. ಮಿಲಾನಿನಲ್ಲಿ ನಮ್ಮ ಸೋದರತ್ತೆಯ ಮಗಳು, ಬದನೆಕಾಯಿ ಸಿಪ್ಪೆ ಯಾಕೆ ತೆಗೆದಿಲ್ಲ ಅಂತ ಬೈದಳು."

ಕೂಯಾ ಎಂದರೆ ಅವರ ಭಾಷೆಯಲ್ಲಿ ಅಣ್ಣ. ಬಂದ ದಿನದಿಂದಲೇ ಆಕೆ ನನ್ನನ್ನು ಹಾಗೆ ಕರೆದಳು. ಹೆಂಡತಿಯನ್ನು ಆತೆ ಎಂದು ಕರೆದಳು, ಅದು ಅಕ್ಕ.

ಆಕೆ ಈಗ ಇಲ್ಲ. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬದುಕಿದ್ದರೆ ಇದಕ್ಕೆ ಸಿಟ್ಟಾಗುತ್ತಿದ್ದಳು. "ಹೆಸರಿಲ್ಲದೆ ಹಾಕಿದರೆ ಯಾರಿಗೆ ಗೊತ್ತಾಗುತ್ತೆ ಕೂಯಾ? ಟ್ಯಾಗ್ ಮಾಡಿ" ಎನ್ನುತ್ತಿದ್ದಳು. ಆದರೆ ಹಿಂದೊಮ್ಮೆ ನಾಲ್ಕು ಜನರ ಮುಂದೆ ಆಕೆ ಯಾರೆಂದು ಹೇಳಬೇಕಾಗಿ ಬಂದಾಗ ನಾನು ಹೇಳಲಿಲ್ಲ. ಈಗ ಆಕೆ ಹೋದ ಮೇಲೆ ದೊಡ್ಡ ಮನುಷ್ಯನ ಹಾಗೆ ಹೆಸರು ಬರೆದು ಕೂಡುವುದು ನನಗೆ ಸರಿ ಕಾಣುವುದಿಲ್ಲ.

ನಾನೇನೂ ಓದಿದವನಲ್ಲ. ವಿಜಯಪುರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಇಲ್ಲಿ ಬಂದು ವಿಮಾನದ ಊಟ ಕಟ್ಟುವ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೆ ತಟ್ಟೆ ಜೋಡಿಸಿದೆ. ಆದರೆ ಮನೆಗೆ ಬಾಡಿಗೆಗೆ ಒಬ್ಬರು ಬಂದರೆ ಸಾಕು, ಎಂಥವನಿಗೂ ಒಂದು ಸಂಸ್ಥಾನದ ಗತ್ತು ಬರುತ್ತದೆ. ಆಕೆ ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಯಿದೆ ಓದಿದೆ. ನಾವು ಲಿಂಗಾಯತರು, ಇಲ್ಲಿ ಮಾಂಸ, ಮೀನು, ತತ್ತಿ ನಡೆಯುವುದಿಲ್ಲ. ಮುಂಜಾನೆ ನನ್ನ ಲಿಂಗಪೂಜೆಯ ಹೊತ್ತಿಗೆ ಗದ್ದಲ ಕೂಡದು.

"ಸರಿ ಕೂಯಾ," ಎಂದಳು. ಎಂದೂ ಮುರಿಯಲಿಲ್ಲ. ಮೀನು ತಿನ್ನಬೇಕೆನಿಸಿದಾಗ ಗೆಳತಿಯರ ಮನೆಗೆ ಹೋಗುತ್ತಿದ್ದಳು. ಆ ಮೀನಿನ ಫೋಟೋ ಮಾತ್ರ ಸಂಜೆಯ ಹೊತ್ತಿಗೆ ನೀಲಿ ಆ್ಯಪಿನಲ್ಲಿ ಬಂದು ನನ್ನನ್ನು ದಿಟ್ಟಿಸುತ್ತಿತ್ತು. ಯಾವ ಆ್ಯಪು ಎಂದು ಕೇಳಬೇಡಿ, ನಿಮ್ಮ ಫೋನಿನಲ್ಲೂ ಇದೆ. ನನ್ನ ಕಾಯಿದೆ ಅಡುಗೆಮನೆಗೆ ಇತ್ತು, ಅದಕ್ಕೆ ಇರಲಿಲ್ಲ.

ಆಕೆ ಹತ್ತಿರದ ಕೇರ್ ಹೋಮಿನಲ್ಲಿ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ಉಳಿದ ಬದುಕನ್ನೆಲ್ಲ ಫೋನಿನಲ್ಲಿ ನಡೆಸುತ್ತಿದ್ದಳು. ಚಳಿಗಾಲದ ಕೋಟು ಬೇಕಾದರೆ ಆ್ಯಪಿನ ಗುಂಪಿನಲ್ಲಿ ಕೇಳುವಳು. ಚರ್ಚಿನ ಹಾಡಿನ ತಾಲೀಮು ಎಲ್ಲಿ, ಯಾವ ಬಸ್ಸು ಬಂದ್ ಆಗಿದೆ, ಊರಿಗೆ ಕಳಿಸುವ ದೊಡ್ಡ ಪೆಟ್ಟಿಗೆಯಲ್ಲಿ ಇನ್ನೊಂದು ಸಾಬೂನಿಗೆ ಜಾಗ ಇದೆಯೇ, ಎಲ್ಲವೂ ಅಲ್ಲೇ. ಪ್ರಾಥಮಿಕ ಶಾಲೆಯಲ್ಲಿ ಪಕ್ಕ ಕೂತಿದ್ದ ಹುಡುಗಿಯನ್ನು ಕುವೈತಿನಲ್ಲಿ ಹುಡುಕಿ ತೆಗೆದಿದ್ದಳು. ಒಮ್ಮೆ ನಮ್ಮ ಬಾಯ್ಲರ್ ಕೆಟ್ಟಿತು. ನಾನು ಕನ್ನಡಕ ಹುಡುಕಿ, ಪ್ಲಂಬರನ ನಂಬರ್ ಬರೆದಿಟ್ಟ ಚೀಟಿ ಹುಡುಕುವಷ್ಟರಲ್ಲಿ, ಆಕೆಯ ಗುಂಪಿನಲ್ಲಿದ್ದವನೊಬ್ಬ ಸ್ಪ್ಯಾನರ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಆ ಬಾಯ್ಲರಿನ ಬಿಸಿನೀರಲ್ಲಿ ಸ್ನಾನ ಮಾಡಿ ಬಂದು ನಾನು ಹೆಂಡತಿಗೆ ಹೇಳಿದ್ದು ಇಷ್ಟು: "ಈ ಫೋನ್ ಅನ್ನೂದು ಮನಶ್ಯಾನ್ನ ಹಾಳ ಮಾಡತೈತಿ ನೋಡು."

ಎಲ್ಲಕ್ಕಿಂತ ನನಗೆ ವಿಚಿತ್ರವಾಗಿ ಕಂಡದ್ದು ಆಕೆಯ ವೀಡಿಯೋ ಕಾಲ್. ನಾವು ಫೋನ್ ಮಾಡುವುದು ಮಾತಾಡಲು. ಮಾತು ಮುಗಿದರೆ ಇಡುತ್ತೇವೆ. ಆಕೆ ಇಡುತ್ತಲೇ ಇರಲಿಲ್ಲ. ಫೋನನ್ನು ನಮ್ಮ ಹಿಟ್ಟಿನ ಡಬ್ಬಿಗೆ ಒರಗಿಸಿ ತನ್ನ ಪಾಡಿಗೆ ತರಕಾರಿ ಹೆಚ್ಚುತ್ತಿದ್ದಳು. ಅತ್ತ ಕಡೆ, ಇಲೊಯಿಲೊ ಎಂಬ ಊರಿನಲ್ಲಿ, ಆಕೆಯ ತಾಯಿ ಬೆತ್ತದ ಕುರ್ಚಿಯಲ್ಲಿ ಕೂತು ತನ್ನ ಪಾಡಿಗೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಒಂದು ಕೋಳಿ ಹಾದುಹೋಗುತ್ತಿತ್ತು. ಅಜ್ಜಿಯ ಬಳಿ ಬಿಟ್ಟು ಬಂದ ಆಕೆಯ ಮಗಳು ಒಳಗೆ ಹೊರಗೆ ಓಡಾಡುತ್ತಿದ್ದಳು. ಯಾರೂ ಮಾತಾಡುತ್ತಿರಲಿಲ್ಲ.

"ಮಾತಿಲ್ಲ ಕತೆಯಿಲ್ಲ, ಯಾಕೆ ಹಚ್ಚಿಟ್ಟಿದ್ದೀ?" ಎಂದೆ.

"ಮನೆಯಲ್ಲಿದ್ದರೆ ಇಡೀ ದಿನ ಮಾತಾಡುತ್ತೀವಾ ಕೂಯಾ?" ಎಂದಳು.

ನನ್ನ ಹೆಂಡತಿ ಇದನ್ನು ನನಗಿಂತ ಬೇಗ ಅರ್ಥಮಾಡಿಕೊಂಡಳು. ಇವಳು ರೊಟ್ಟಿ ಬಡಿಯುವಾಗ ಆ ಮುದುಕಿ ಕುರ್ಚಿಯನ್ನು ಮುಂದೆ ಎಳೆದುಕೊಂಡು ನೋಡುತ್ತಿದ್ದಳು. "ನೋಡವ್ವ, ಹಿಟ್ಟು ಹಿಂಗ ನಾದಬೇಕು. ಈ ಥಂಡ್ಯಾಗ ಹಿಟ್ಟು ಮಾತಽ ಕೇಳೂದಿಲ್ಲ" ಎಂದು ಇವಳು ಕನ್ನಡದಲ್ಲಿ. ಅವಳು ತನ್ನ ಭಾಷೆಯಲ್ಲಿ ಇನ್ನೇನೋ. ಇಬ್ಬರೂ ತಲೆಯಾಡಿಸಿ ನಗುತ್ತಿದ್ದರು.

"ಏನ ಅಂದಳು?" ಎಂದು ಕೇಳಿದೆ.

"ನಿಮ್ಮ ಸುದ್ದೀನ ನಡದಿತ್ತು, ಸುಮ್ಮನ ಕೂಡ್ರಿ," ಎಂದಳು.

ನನಗೂ ನೀಲಿ ಆ್ಯಪಿನಲ್ಲಿ ಖಾತೆ ತೆರೆದುಕೊಟ್ಟವಳು ಆಕೆಯೇ. ಫೋನನ್ನು ಬೈಯುವ ನಾನು ಬಹಳ ಬೇಗ ಹಾದಿಗೆ ಬಂದೆ. ಪ್ರತಿ ಮುಂಜಾನೆ ಗುಲಾಬಿ ಹೂವಿನ ಮೇಲೆ ಶುಭೋದಯ ಎಂದು ಬರೆದ ಚಿತ್ರವನ್ನು ಪರಿಚಿತರಿಗೆಲ್ಲ ಕಳಿಸತೊಡಗಿದೆ. ಯಾರೂ ಲೈಕ್ ಒತ್ತುತ್ತಿರಲಿಲ್ಲ. ಆಕೆಯೊಬ್ಬಳು ಒತ್ತುತ್ತಿದ್ದಳು, ಒಂದು ದಿನವೂ ಬಿಡದೆ.

ಇನ್ನು ಹಂದಿಯ ವಿಷಯ.

ಆಕೆಯ ಹುಟ್ಟುಹಬ್ಬಕ್ಕೆ ಗೆಳತಿಯರು ಒಂದು ಹಾಲ್ ಹಿಡಿದಿದ್ದರು. ನಮ್ಮಿಬ್ಬರನ್ನೂ ಕರೆದಿದ್ದಳು. ಹೆಂಡತಿಗೆ ಮಂಡಿನೋವು, ನಾನೊಬ್ಬನೇ ಹೋದೆ. ನನಗಾಗಿ ಬೇರೆ ಮೇಜು, ಹಣ್ಣು, ಬಿಳಿ ಅನ್ನ, ಹೆಂಡತಿ ಕಳಿಸಿದ ಶೇಂಗಾ ಹಿಂಡಿ. ಮರ್ಯಾದೆಗೆ ಏನೂ ಕಡಿಮೆ ಇರಲಿಲ್ಲ. ಕೂಯಾ ಕೂಯಾ ಎಂದು ಎಲ್ಲರೂ ಬಂದು, ನನ್ನ ಕೈಯನ್ನು ತಮ್ಮ ಹಣೆಗೆ ಒತ್ತಿಕೊಂಡು ಹೋದರು. ಹಿರಿಯರಿಗೆ ಅವರು ನಮಸ್ಕಾರ ಮಾಡುವ ಬಗೆ ಅದು. ನಮ್ಮವರ ಯಾವ ಸಮಾರಂಭದಲ್ಲೂ ನನಗೆ ಅಷ್ಟು ನಮಸ್ಕಾರ ಬಿದ್ದಿರಲಿಲ್ಲ. ನಾನು ಸ್ವಲ್ಪ ಉಬ್ಬಿದ್ದೆ ಎನ್ನಬೇಕು.

ಅಷ್ಟರಲ್ಲಿ ಇಡಿಯಾಗಿ ಸುಟ್ಟ ಒಂದು ಹಂದಿಯನ್ನು ಬಾಳೆಎಲೆಯ ಮೇಲೆ ಹೊತ್ತು ತಂದು ನಟ್ಟನಡುವೆ ಇಟ್ಟರು. ಬಾಯಲ್ಲಿ ಸೇಬುಹಣ್ಣು, ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಎದ್ದು ಹೊರಗೆ ಹೋಗಬೇಕಿತ್ತು. ಆದರೆ ಯಾರೋ, "ಇಲ್ಲಿ ಎಲ್ಲರಿಗಿಂತ ಹಿರಿಯರು ಕೂಯಾ, ಪ್ರಾರ್ಥನೆ ಅವರೇ ಹೇಳಲಿ" ಎಂದರು. ಚಪ್ಪಾಳೆ ಬಿತ್ತು. ಸ್ಟ್ಯಾನ್ಮೋರಿನಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ತಿಂಗಳಿಗೊಮ್ಮೆ ನಮ್ಮವರ ಪ್ರಾರ್ಥನೆ ನಡೆಯುತ್ತದೆ. ಅಲ್ಲಿ ಡಾಕ್ಟರು, ಎಂಜಿನಿಯರು ಎಲ್ಲ ಮುಗಿದು ನನ್ನ ಸರದಿ ಬರುವಷ್ಟರಲ್ಲಿ ಪ್ರಸಾದದ ಪ್ಲೇಟು ಹಂಚುತ್ತಿರುತ್ತಾರೆ. ಇಲ್ಲಿ ಕೇಳಿ ಕರೆಯುತ್ತಿದ್ದಾರೆ. ಮುಂದೆ ಹೋದೆ. ಕೈಮುಗಿದೆ. ಹಂದಿ ಕಾಣಬಾರದೆಂದು ಕಣ್ಣು ಗಟ್ಟಿಯಾಗಿ ಮುಚ್ಚಿದೆ. ನಾಲ್ಕು ಸಾಲು ಪ್ರಾರ್ಥನೆ ಹೇಳಿದೆ.

ಫೋಟೋದಲ್ಲಿ ಏನು ಬಂತು ಎಂದು ಬಿಡಿಸಿ ಹೇಳಬೇಕಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಕೆಂಪು ಮಫ್ಲರು, ಕಣ್ಣು ಮುಚ್ಚಿ ಭಕ್ತಿಯಿಂದ ಕೈಮುಗಿದ ನಾನು. ಎದುರಿಗೆ ಹಂದಿ. ಫೋಟೋ ತೆಗೆದವಳು ಆಕೆ. ಕೆಳಗೆ ಬರೆದಿದ್ದಳು: "ನಮ್ಮ ಕೂಯಾ ನಮ್ಮ ಊಟವನ್ನು ಹರಸುತ್ತಿದ್ದಾರೆ." ನನ್ನನ್ನು ಟ್ಯಾಗ್ ಕೂಡ ಮಾಡಿದ್ದಳು. ನನ್ನ ಗುಲಾಬಿಗಳಿಗೆ ಜನ್ಮದಲ್ಲಿ ಬೀಳದ ಲೈಕು ಆ ಹಂದಿಗೆ ಬಿದ್ದವು. ಹಾಂಗ್‌ಕಾಂಗ್, ಜೆಡ್ಡಾ, ರೋಮಿನಿಂದ ಜನ ಆಮೆನ್ ಎಂದು ಬರೆದರು.

ಟ್ಯಾಗ್ ಮಾಡಿದರೆ ನನ್ನ ಪರಿಚಿತರಿಗೂ ಕಾಣುತ್ತದೆ ಎಂಬುದು ನನಗೆ ಗೊತ್ತಾದದ್ದು ಸ್ಟ್ಯಾನ್ಮೋರಿನಲ್ಲಿ. ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ಡಾಕ್ಟರ ಹೆಂಡತಿ ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು: "ಏನ್ ಕಾಕಾ, ಹಂದಿಗೂ ಮಂಗಳಾರತಿ ಆತಂತಲ್ರೀ?"

ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದೇ ಹಿಂದಿನ ತಿಂಗಳು, ಸಸ್ಯಾಹಾರ ಬಿಟ್ಟ ನಮ್ಮ ಹುಡುಗರ ಬಗ್ಗೆ ನಾನು ಅಲ್ಲಿ ಕಣ್ಣೀರು ಹಾಕಿ ಮಾತಾಡಿದ್ದೆ. ಈಗ ಹೆದರಿದೆ.

"ಏ, ಅದು ನಾ ಅಲ್ರೀ. ಯಾರೋ ಕಂಪ್ಯೂಟರದಾಗ ನನ್ನ ಮಾರಿ ತಂದು ಜೋಡಿಸ್ಯಾರ," ಎಂದೆ.

"ಹಾಕಿದಾಕಿ ನಿಮ್ಮ ಮನ್ಯಾಗ ಇರತಾಳಂತಲ್ಲ?"

"ಬಾಡಗೀಗೆ ಇದ್ದಾಕಿ. ಎಲ್ಲಿಯಾಕಿಯೋ ಏನೋ. ಆಕೀಗೂ ನಮಗೂ ಏನ ಸಂಬಂಧ?"

ಹೆಂಡತಿ ಪಕ್ಕದಲ್ಲೇ ಇದ್ದಳು. ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ, ಎದುರಿನ ಕಿಟಕಿಯನ್ನೇ ನೋಡುತ್ತ ಹೇಳಿದಳು: "ಆ ಫೋಟೋದಾಗ ನಿಮ್ಮ ಕೊಳ್ಳಾಗಿರೋ ಮಫ್ಲರ್ ನಾ ಹೆಣದದ್ದು. ಅದನ್ನೂ ಕಂಪ್ಯೂಟರ್ ಹೆಣೀತೇನು?"

ಆ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸುವ ಧೈರ್ಯ ನನಗೆ ಯಾವತ್ತೂ ಇಲ್ಲ. ಮನೆಗೆ ಬಂದು ಮಹಡಿಯವಳ ಮೇಲೆ ತೀರಿಸಿದೆ. ಫೋಟೋ ತೆಗೆಯಲು ಹೇಳಿದೆ. "ನನ್ನ ಮಾನ ಹೋಯಿತು" ಎಂದು ಕೂಗಿದೆ. ಆಕೆಗೆ ಏನು ತಪ್ಪಾಯಿತೆಂಬುದೇ ತಿಳಿಯಲಿಲ್ಲ. "ಆದರೆ ಎಷ್ಟು ಚೆನ್ನಾಗಿ ಬಂದಿದ್ದೀರಿ ಕೂಯಾ," ಎನ್ನುತ್ತಲೇ ನನ್ನೆದುರಿಗೇ ಅಳಿಸಿದಳು. ನಾನು ಅಲ್ಲಿಗೂ ನಿಲ್ಲಲಿಲ್ಲ. ನಮ್ಮ ಮಗಳಿಗೆ ಫೋನ್ ಮಾಡಿ, ಒಬ್ಬರನ್ನು ಬ್ಲಾಕ್ ಮಾಡುವುದು ಹೇಗೆಂದು ಕೇಳಿಕೊಂಡು, ನನ್ನ ಮನೆಯ ಮಹಡಿಯ ಮೇಲಿದ್ದವಳನ್ನು ಫೋನಿನಲ್ಲಿ ಬ್ಲಾಕ್ ಮಾಡಿದೆ. ಮೆಟ್ಟಿಲ ಮೇಲೆ ಎದುರಾದರೆ "ಗುಡ್ ಮಾರ್ನಿಂಗ್ ಕೂಯಾ" ಎನ್ನುತ್ತಿದ್ದಳು. ಅಲ್ಲಿ ಬ್ಲಾಕ್ ಮಾಡುವ ಬಟನ್ ಇರಲಿಲ್ಲವಾದ್ದರಿಂದ ಗಂಟಲು ಕೆರೆದು ಮುಂದೆ ಹೋಗುತ್ತಿದ್ದೆ.

ಮುಂದಿನದನ್ನು ಬರೆಯದೆ ಬಿಟ್ಟರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ.

ಕ್ರೋಯ್ಡನ್ನಿನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳಿಗೆ ಚಿಕನ್‌ಪಾಕ್ಸ್ ಆಗಿತ್ತು. ಹೆಂಡತಿ ಅಲ್ಲಿಗೆ ಹೋಗಿದ್ದಳು. ಒಂದು ಮುಂಜಾನೆ ನಾನು ಪೂಜೆಗೆ ಕೂತಿದ್ದೇನೆ, ಪಕ್ಕದ ಅಡುಗೆಮನೆಯಿಂದ ಮೈಕಿನಲ್ಲಿ ಯಾರೋ ಹಾಡುವ ಸದ್ದು. ನಡುನಡುವೆ ಕೇಕೆ, ನಗು, ಇಸ್ಪೀಟಿನ ಎಲೆಯನ್ನು ಮೇಜಿಗೆ ಬಡಿಯುವ ಸಪ್ಪಳ. ಎದ್ದು ಹೋದೆ. ಫೋನು ಹಿಟ್ಟಿನ ಡಬ್ಬಿಗೆ ಒರಗಿತ್ತು. ಅದರಲ್ಲಿ ಬಣ್ಣದ ದೀಪಗಳು, ಹೂವು, ಮೇಜುಗಳ ಸುತ್ತ ಜನ, ತಿಂಡಿಯ ತಟ್ಟೆ ಹಂಚುವ ಹೆಂಗಸರು. ಆಕೆ ಕೇರ್ ಹೋಮಿನ ಯೂನಿಫಾರ್ಮಿನಲ್ಲೇ ಕೂತು ಯಾರಿಗೋ ಉತ್ತರ ಕೊಡುತ್ತ ನಗುತ್ತಿದ್ದಳು. ಕಣ್ಣು ಕೆಂಪಗಿತ್ತು. ರಾತ್ರಿಪಾಳಿಯ ನಿದ್ದೆಗೇಡು ಅಂದುಕೊಂಡೆ.

"ನಿಮ್ಮ ಜನಕ್ಕೆ ದಿನವೂ ಹಬ್ಬವೇ?" ಎಂದೆ. "ಬೆಳಿಗ್ಗೆ ಎದ್ದರೆ ಇಸ್ಪೀಟು, ಹಾಡು, ಕುಣಿತ. ನಾಚಿಕೆ ಇಲ್ಲವೇ?"

ಆಕೆ ಥಟ್ಟನೆ ಎದ್ದಳು. "ಸಾರಿ ಕೂಯಾ. ನಿಮ್ಮ ಪೂಜೆಯ ಹೊತ್ತು, ಮರೆತೆ." ಆಮೇಲೆ ಫೋನನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ತಿರುಗಿಸಿದಳು. "ಬನ್ನಿ, ಅಮ್ಮನಿಗೆ ಒಂದು ಹಲೋ ಹೇಳಿ."

ನಾನು ಫೋನಿನ ಕಡೆ ನೋಡಲಿಲ್ಲ. "ಇದು ಮರ್ಯಾದಸ್ಥರ ಮನೆ ಅಂತ ನಿಮ್ಮಮ್ಮನಿಗೆ ಹೇಳು," ಎಂದೆ.

ಆಕೆ ಕೋಟು ಹಾಕಿಕೊಂಡು ಹಿಂಬಾಗಿಲಿನಿಂದ ಹೊರಗೆ ಹೋದಳು. ಕಸದ ಡಬ್ಬಿಗಳ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಹೊರಗೆ ಜಿನುಗುಮಳೆ. ಪೂಜೆ ಮುಗಿಸಿ ಚಹಾಕ್ಕೆ ನೀರಿಡುವಾಗ ಕಿಟಕಿಯಿಂದ ಕಂಡಳು. ತಲೆ ತೋಯುತ್ತಿತ್ತು, ಕೈಯನ್ನು ಮಾತ್ರ ಫೋನಿನ ಮೇಲೆ ಮರೆಯಾಗಿ ಹಿಡಿದಿದ್ದಳು. ಕಡೆಗೂ ಶಿಸ್ತು ಕಲಿಸಿದೆನಲ್ಲ ಎಂದು ನನಗೆ ಆ ದಿನದ ಚಹಾ ಬಹಳ ರುಚಿಯಾಗಿತ್ತು.

ಕಪ್ಪು ತೊಳೆದಿಡುವ ಮೊದಲೇ ಹೆಂಡತಿಯ ಫೋನು ಬಂತು. "ಏನ್ರೀ, ಆಕಿಗೆ ಏನರ ಉಣ್ಣಾಕ ಕೊಟ್ರೇನು?"

"ಯಾಕ? ಆಕಿ ಅಲ್ಲಿ ಪಾರ್ಟಿ ಮಾಡಾಕತ್ಯಾಳ."

"ಏನ ಪಾರ್ಟಿ? ಅವರವ್ವ ತೀರಕೊಂಡಾಳ್ರೀ! ನಿನ್ನಿಯಿಂದ ಎಲ್ಲಾರಿಗೂ ಗೊತ್ತು, ಮನ್ಯಾಗ ಇದ್ದ ನಿಮಗ ಗೊತ್ತಿಲ್ಲ?"

"ನನಗ ಯಾರ ಹೇಳ್ಯಾರ?"

"ಹೇಳೂದೇನ ಬಂತು, ಆ್ಯಪಿನ್ಯಾಗ ಹಾಕ್ಯಾಳಲ್ಲ..." ಅಲ್ಲಿಗೆ ಹೆಂಡತಿಗೆ ನೆನಪಾಯಿತು. ನಿಧಾನವಾಗಿ ಹೇಳಿದಳು, "ಹಾಂ. ನೀವು ಆಕೀನ್ನ ಬ್ಲಾಕ್ ಮಾಡೀರಿ."

ಅವರಲ್ಲಿ ಸತ್ತವರನ್ನು ದಿನಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುತ್ತಾರಂತೆ. ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲವಂತೆ. ಬಂದವರಿಗೆ ನಿದ್ದೆ ಬರಬಾರದೆಂದು ಇಸ್ಪೀಟು, ಹಾಡು, ತಿಂಡಿ, ನಗೆಚಾಟಿಕೆ. ಆಕೆಯ ಪಾಸ್‌ಪೋರ್ಟ್ ವೀಸಾ ಕಚೇರಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಹೋಗುವಂತಿರಲಿಲ್ಲ. ಅದಕ್ಕೇ ಡಬ್ಬಿಗೆ ಫೋನು ಒರಗಿಸಿಕೊಂಡು, ಅಲ್ಲಿಗೆ ಬಂದವರನ್ನು ಇಲ್ಲಿಂದ ಮಾತಾಡಿಸಿ, ತಿಂದಿರಾ, ಕುಡಿದಿರಾ ಎಂದು ಕೇಳುತ್ತ, ತಾಯಿಯ ಪಕ್ಕದಲ್ಲಿ ಕೂತಿದ್ದಳು. ನಾನು ನೋಡಿದ ದೀಪಗಳು ಶವಪೆಟ್ಟಿಗೆಯ ಸುತ್ತಿನವು. ನನ್ನ ಕಡೆ ತಿರುಗಿಸಿದ್ದು ಅದನ್ನೇ. ನಾನು ಬುದ್ಧಿ ಹೇಳಿದ್ದು ಸತ್ತ ಮುದುಕಿಗೆ, ರೊಟ್ಟಿ ಬಡಿಯುವುದನ್ನು ಕುರ್ಚಿ ಎಳೆದುಕೊಂಡು ನೋಡುತ್ತಿದ್ದ ಆ ಮುದುಕಿಗೆ.

ಕ್ಷಮಿಸು ಎನ್ನುವುದು ಸಣ್ಣ ಮಾತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಅಂಗಡಿಗೆ ಹೋಗಿ ಸೇವಂತಿಗೆಯ ಕಟ್ಟು ತಂದು ಆಕೆಯ ಬಾಗಿಲ ಬಳಿ ಇಟ್ಟೆ. ಬೆಲೆ ಇಳಿಸಿದ ಹಳದಿ ಚೀಟಿ ಕೀಳಲು ಮರೆತೆ. ಆಕೆ ಅದರ ಫೋಟೋ ತೆಗೆದು, ಚೀಟಿಸಮೇತ, "ನಮ್ಮ ಕೂಯಾ ಕೊಟ್ಟದ್ದು" ಎಂದು ಹಾಕಿದಳು. ಮಗಳ ಸಹಾಯದಿಂದ ಬ್ಲಾಕ್ ತೆಗೆಸಿದೆ. ಸಾರಿ ಎಂದು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಹೆಂಡತಿ ಕ್ರೋಯ್ಡನ್ನಿನಿಂದ ವಾಪಸಾದ ಮೇಲೆ ಒಂದು ಉಪಾಯ ಹೊಳೆಯಿತು. ಆಕೆ ಹಾಕಿದ್ದಕ್ಕೆಲ್ಲ ಲೈಕ್ ಒತ್ತಿಬಿಟ್ಟರೆ ಆಕೆಗೇ ತಿಳಿಯುತ್ತದಲ್ಲ? ಕೂತೆ. ಬದನೆಕಾಯಿಗೆ ಲೈಕ್. ಮೀನಿಗೂ ಲೈಕ್. ಆಕೆಯ ಹಲ್ಲುನೋವಿಗೆ ಲೈಕ್. ಬಸ್ಸು ತಪ್ಪಿದ್ದಕ್ಕೆ ಲೈಕ್. ಹಿಂದೆ ಹಿಂದೆ ಹೋಗುತ್ತ, ಗೆಳತಿಯ ಮನೆ ಚಂಡಮಾರುತಕ್ಕೆ ಬಿದ್ದದ್ದಕ್ಕೂ ಒತ್ತಿದೆ.

ಮಹಡಿಯಿಂದ ಆಕೆ ಗಾಬರಿಯಿಂದ ಇಳಿದು ಬಂದಳು. "ಆತೆ, ಕೂಯಾನ ಖಾತೆಯನ್ನು ಯಾರೋ ಕದ್ದಿದ್ದಾರೆ!"

ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ನೋಡಿದಳು. ತಾಯಿ ತೀರಿಕೊಂಡ ಸುದ್ದಿಯ ಕೆಳಗೆ, ಅಳುವ ಮುಖಗಳ ಸಾಲಿನ ಮಧ್ಯೆ, ನನ್ನ ಹೆಬ್ಬೆರಳು ಹಲ್ಲು ಕಿಸಿದು ನಗುವ ಮುಖವನ್ನು ಒತ್ತಿತ್ತು.

ಆಕೆಯೂ ಬಗ್ಗಿ ನೋಡಿದಳು. ತೆಗೆಯಲು ಹೋದ ಹೆಂಡತಿಯ ಕೈ ತಡೆದಳು. "ಇರಲಿ ಬಿಡಿ ಆತೆ," ಎಂದಳು. "ಎಲ್ಲರೂ ಅತ್ತಿದ್ದಾರೆ. ಅಮ್ಮನಿಗೆ ನಗುವವರು ಇಷ್ಟ."

ಆಗಲೂ ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. "ಚಹಾ ಕುಡೀತೀಯಾ?" ಎಂದೆ.

ಆಮೇಲೂ ಕೆಲವು ವರ್ಷ ನಮ್ಮಲ್ಲೇ ಇದ್ದಳು. ಕಡೆಗೆ ಕೆಲಸ ಬಿಟ್ಟು ಊರಿಗೆ ಹೊರಟಳು. ಹೀಥ್ರೋ ಏರ್‌ಪೋರ್ಟ್ ಇಲ್ಲೇ ತಾನೇ, ಕಳಿಸಲು ಹೋದೆವು. ಇವತ್ತು ಹೇಳಿಯೇ ತೀರುತ್ತೇನೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿ ನೋಡಿದರೆ ಆಕೆಯ ಗೆಳತಿಯರೆಲ್ಲ ಫೋನು ಎತ್ತಿ ಹಿಡಿದು ನಿಂತಿದ್ದಾರೆ. "ಕೂಯಾ, ಲೈವ್ ಇದೆ, ಏನಾದರೂ ಹೇಳಿ" ಎಂದಳು ಆಕೆ. ಕಣ್ಣಲ್ಲಿ ನೀರಿತ್ತು. ನಾನು ಹೇಳಿದೆ: "ಕಿಟಕಿ ಪಕ್ಕದ ಸೀಟು ಸಿಕ್ಕಿತೇ?"

ಹೋದ ಮೇಲೂ ಕಾಲ್ ನಿಲ್ಲಲಿಲ್ಲ. ಈಗ ಬೆತ್ತದ ಕುರ್ಚಿಯಲ್ಲಿ ಆಕೆ, ಡಬ್ಬಿಯ ಈಚೆಗೆ ನಾವು. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ನಾನು ಪೇಪರು ಓದುತ್ತಿದ್ದೆ, ಕೋಳಿ ಹಾದುಹೋಗುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಈ ಚಳಿಗಾಲದಲ್ಲಿ ಆಕೆಯ ಆಸ್ಪತ್ರೆಯ ಹಾಸಿಗೆಯ ಫೋಟೋ ಬಂತು. ಗಂಜಿಯ ಬಟ್ಟಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಚಮಚ ಓರೆಯಾಗಿಟ್ಟು ತೆಗೆದದ್ದು. ಆಮೇಲೆ ಬಂದದ್ದು ಆಕೆಯ ಮಗಳ ಸಂದೇಶ.

ಆ ಮುಂಜಾನೆ ಸುಮ್ಮನೆ ಇಣುಕಿ ನೋಡೋಣವೆಂದು ಆ ಮಗಳು ಕಳಿಸಿದ ಸಾವಿನ ಮನೆಯ ವೀಡಿಯೋ ಕಾಲ್ ಲಿಂಕ್ ಒತ್ತಿದೆ. ಇಣುಕುವುದು ಎಂಬುದು ಅದರಲ್ಲಿ ಇಲ್ಲವೆಂದು ನನಗೆ ಗೊತ್ತಿರಲಿಲ್ಲ. ಪರದೇಶದಲ್ಲಿರುವ ಬಂಧುಗಳೆಲ್ಲ ಕಾಣಲೆಂದು ಶವಪೆಟ್ಟಿಗೆಯ ಪಕ್ಕದಲ್ಲಿ ದೊಡ್ಡ ಟಿವಿ ಇಟ್ಟಿದ್ದರು. ಅದರಲ್ಲಿ ನಾನು ಪ್ರತ್ಯಕ್ಷನಾದೆ. ಬನಿಯನ್ನು, ಕಿವಿ ಮುಚ್ಚುವ ಮಂಕಿಕ್ಯಾಪು, ಫೋನನ್ನು ಗದ್ದದ ಕೆಳಗೆ ಹಿಡಿದಿದ್ದರಿಂದ ಮುಖಕ್ಕಿಂತ ದೊಡ್ಡದಾದ ಮೂಗಿನ ಹೊಳ್ಳೆಗಳು. ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟು ನಕ್ಕರು.

"ಅಮ್ಮನ ಕೂಯಾ ಬಂದರು!" ಎಂದು ಮಗಳು ಕೂಗಿದಳು. "ಲಂಡನ್ನಿನ ಕೂಯಾ!" ಆಮೇಲೆ ತಾಯಿ ಮಾಡಿದಂತೆಯೇ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಪೆಟ್ಟಿಗೆಯ ಕಡೆ ನಡೆದಳು. "ಬನ್ನಿ, ಅಮ್ಮನಿಗೆ ಹಲೋ ಹೇಳಿ."

ಈ ಸಲ ನೋಡಿದೆ. ಗಾಜಿನ ಕೆಳಗೆ ಆಕೆ ಇದ್ದಳು, ತುಟಿಗೆ ಬಣ್ಣ ಹಚ್ಚಿದ್ದರು, ಫೋಟೋಕ್ಕೆ ನಿಂತಾಗಿನ ಹಾಗೆ.

"ತಪ್ಪಾತವ್ವ," ಎಂದೆ.

ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಿಂದ ತಿವಿದಳು. "ಅವರಿಗೆ ತಿಳಿಯೂ ಹಂಗ ಹೇಳ್ರಿ. ಎಷ್ಟ ದಿನಾ ಅಡಗಿ ಕೂಡತೀರಿ?"

ಹೇಳಿದೆ. ನನ್ನ ಮುರುಕು ಇಂಗ್ಲಿಷಿನಲ್ಲಿ ಬ್ಲಾಕ್ ಮಾಡಿದ್ದು, ಅಜ್ಜಿಯ ಮುಂದೆ ಕೂಗಾಡಿದ್ದು, ಮಳೆಯಲ್ಲಿ ಹೊರಗೆ ಕೂರಿಸಿದ್ದು ಎಲ್ಲ ಹೇಳಿದೆ. ಮೈಕಿನ ಹಾಡು ನಿಂತಿತ್ತು.

"ಗೊತ್ತು," ಎಂದಳು ಮಗಳು. "ಅಜ್ಜಿಯ ಸಾವಿನ ಮನೆಯಲ್ಲಿ ಅಜ್ಜಿಗೇ 'ಇದು ಮರ್ಯಾದಸ್ಥರ ಮನೆ' ಅಂತ ಬೈದ ಕೂಯಾನ ಕತೆಯನ್ನು ಅಮ್ಮ ಪ್ರತಿ ವರ್ಷ ಹೇಳುತ್ತಿದ್ದಳು. ಹಣೆಗೆ ಬೂದಿ ಬಳಿದುಕೊಂಡು ನಿಮ್ಮ ಹಾಗೇ ಮಾಡಿ ತೋರಿಸುತ್ತಿದ್ದಳು. ನಕ್ಕು ನಕ್ಕು ನಮಗೆಲ್ಲ ಹೊಟ್ಟೆ ಹಿಡಿಯುತ್ತಿತ್ತು." ಫೋನನ್ನು ಹತ್ತಿರ ತಂದು ಅಂದಳು: "ಮೊದಲ ವರ್ಷ ಹೇಳಲಿಲ್ಲ. ಮೊದಲ ವರ್ಷ ಆಕೆಗೆ ನಗು ಬರುತ್ತಿರಲಿಲ್ಲ."

ನಾನು ಮಂಕಿಕ್ಯಾಪು ತೆಗೆದು ಪಕ್ಕಕ್ಕಿಟ್ಟೆ.

"ಅಯ್ಯೋ, ನೀವು ಆಗಲೇ ಇಲ್ಲಿದ್ದೀರಲ್ಲ," ಎಂದು ಮಗಳು ಫೋನು ತಿರುಗಿಸಿದಳು. ಪೆಟ್ಟಿಗೆಯ ತಲೆಯ ಕಡೆ, ಆಕೆಯ ಬದುಕಿನ ಫೋಟೋಗಳನ್ನೆಲ್ಲ ಅಂಟಿಸಿದ ದೊಡ್ಡ ಹಲಗೆ. ಶಾಲೆಯ ಹುಡುಗಿಯಾಗಿ, ಮದುವಣಗಿತ್ತಿಯಾಗಿ, ಯೂನಿಫಾರ್ಮಿನಲ್ಲಿ, ನಮ್ಮ ಅಡುಗೆಮನೆಯಲ್ಲಿ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಪೆಟ್ಟಿಗೆಗೆ ತಾಗಿಕೊಂಡು, ವಿಭೂತಿ, ಕೆಂಪು ಮಫ್ಲರು, ಮುಚ್ಚಿದ ಕಣ್ಣು. ನನ್ನೆದುರಿಗೇ ಅಳಿಸಿದ್ದಳಲ್ಲ, ಮೊದಲೇ ಒಂದು ಪ್ರಿಂಟು ಹಾಕಿಸಿಟ್ಟಿದ್ದಳಂತೆ. ಹಂದಿಯ ಮುಂದೆ ಕೈಮುಗಿದವನು, ನಾನಿಲ್ಲಿ ಲಿಂಕ್ ಒತ್ತಲೋ ಬೇಡವೋ ಎಂದು ಅಳೆದು ಸುರಿದು ಮಾಡುತ್ತಿದ್ದಾಗ, ಅಲ್ಲಿ ಆಕೆಯ ತಲೆದೆಸೆಯಲ್ಲಿ ಕೈಮುಗಿದುಕೊಂಡೇ ನಿಂತಿದ್ದ.

ಕಾಲ್ ಇಡಲು ಹೋದರೆ ಅತ್ತಲಿನವರು ಬಿಡಲಿಲ್ಲ. "ಮಾತಾಡಬೇಕೆಂದಿಲ್ಲ, ಹಾಗೇ ಇರಲಿ," ಎಂದರು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿದೆ. ಅಲ್ಲಿ ಮತ್ತೆ ಎಲೆ ಬಡಿಯತೊಡಗಿದರು. ಹೆಂಡತಿ ಉಪ್ಪಿಟ್ಟು ಮಾಡಿದಳು. ತಟ್ಟೆಗೆ ಕೈ ಹಾಕುವಷ್ಟರಲ್ಲಿ, "ತಡೀರಿ" ಎಂದು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿ ಫೋನಿಗೆ ಹಿಡಿದಳು.

ಹಲಗೆಯ ಮೇಲಿನ ಆ ಹಂದಿಯ ಫೋಟೋವನ್ನು ಆಕೆಯ ಮಗಳಿಂದ ತರಿಸಿಕೊಂಡೆ. ತಣ್ಣಗಾದ ಉಪ್ಪಿಟ್ಟು ತಿಂದು, ಸ್ಟ್ಯಾನ್ಮೋರಿನವರ ಗ್ರೂಪಿಗೆ ಹಾಕಿದೆ. ಎಂದಿನ ಗುಲಾಬಿ ಹಾಕುವ ಹೊತ್ತು ಅದು. ಕೆಳಗೆ ಹೀಗೆ ಬರೆದೆ:

ಇದು ನಾನೇ. ಯಾರೂ ಕಂಪ್ಯೂಟರಿನಲ್ಲಿ ಜೋಡಿಸಿಲ್ಲ. ಎದುರಿಗಿರುವುದು ಹಂದಿ. ಫೋಟೋ ತೆಗೆದವಳು ನನ್ನ ತಂಗಿ.